ಎರಡು ರಾಜ್ಯಗಳ ಮಂಚ

ಕಾಗೆಗಳು ಇನ್ನೂ ಬೆಳ್ಳಗಿದ್ದ ಕಾಲದಲ್ಲಿ, ಇಬ್ಬರು ರಾಜರ ಗಡಿಯ ಮೇಲೆ ಒಂದು ಮನೆ ಇತ್ತಂತೆ. ಒಲೆ ಒಬ್ಬ ರಾಜನ ಸೀಮೆಯಲ್ಲಿ, ತೊಟ್ಟಿಲು ಇನ್ನೊಬ್ಬನ ಸೀಮೆಯಲ್ಲಿ. ಅದು ಯಾರಿಗೂ ಗೊತ್ತಿರಲಿಲ್ಲ; ಒಲೆಗೂ ತೊಟ್ಟಿಲಿಗೂ ಅದರಿಂದ ಏನೂ ಆಗಿರಲಿಲ್ಲ. ಒಂದು ದಿನ ಯಾರೋ ಹೋಗಿ ರಾಜನ ಕಿವಿಯಲ್ಲಿ ಊದಿದರು. ಸುಂಕದವರು ಬಂದು ಜಗಲಿಯ ಮೇಲೆ ಕೂತರು. ಮನೆಯೊಡತಿ ಸೆರಗು ಸಿಕ್ಕಿಸಿ ಹೇಳಿದಳಂತೆ: ಊದಿದವರು ಯಾರು ಅಂತ ಗೊತ್ತಾಗೋವರೆಗೂ ಈ ಮನೇಲಿ ಒಲೆ ಹಚ್ಚಲ್ಲ.

ನನ್ನಜ್ಜಿ ಅವರೆಕಾಳು ಹಿಸುಕುತ್ತಾ ಈ ಕಥೆ ಹೇಳುತ್ತಿದ್ದಳು. ಊದಿದವನು ಸಿಗುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು.

ಆ ಕಥೆ ಮತ್ತೆ ನೆನಪಾದದ್ದು ಅಮೆರಿಕದ ಫೋರ್ಟ್ ಮಿಲ್‌ನ ಒಂದು ಮನೆಯಲ್ಲಿ, ಏಳು ವರ್ಷದ ಹುಡುಗಿಯ ಮಂಚದ ಕೆಳಗೆ ನಾನು ಹೊಟ್ಟೆಯ ಮೇಲೆ ಮಲಗಿದ್ದಾಗ.

"ಏನರೆ ಕಂಡ್ತೇನು?" ಹುಡುಗಿಯ ಅಮ್ಮ ಸೌಮ್ಯಕ್ಕ ಫ್ಲ್ಯಾಶ್‌ಲೈಟ್ ಹಿಡಿದುಕೊಂಡು ಬಗ್ಗಿ ಕೇಳಿದಳು.

"ಒಂದು ಕ್ರೇಯಾನು, ಒಂದು ಸಾಕ್ಸು, ಅರ್ಧ ಚಕ್ಕುಲಿ."

"ಚಕ್ಲಿ ಬಿಡು. ಸುಳಿವು ಏನರೆ ಅದ ಏನು?"

"ಚಕ್ಕುಲಿ ಯಾರದು ಅನ್ನೋದೂ ಸುಳಿವೇ ಅಲ್ವಾ ಅಕ್ಕ?"

"ಅದು ನಂದ. ಮುಂದ ನೋಡು."

ಕಳೆದ ವಾರ ನಾನು ಇದೇ ಬೀದಿಯ ಕೃಷ್ಣಪ್ರಸಾದ್ ಅಂಕಲ್ ಮೇಲೆ ಅನುಮಾನಪಟ್ಟು, ಅವರ ಮನೆಯಲ್ಲಿ ಬಿಸಿಬೇಳೆಭಾತ್ ತಿಂದು, ಅವರು ನಿರಪರಾಧಿ ಅಂತ ತೀರ್ಮಾನಿಸಿ ಬಂದಿದ್ದೆ. ಈಗ ಕೇಸು ಮತ್ತೆ ಮೊದಲಿಗೇ ಬಂದು ನಿಂತಿತ್ತು.

ಕೇಸು ಇಷ್ಟು. ಯಾರೋ ಕೌಂಟಿಯ, ಅಂದರೆ ಇಲ್ಲಿನ ಜಿಲ್ಲೆಯ, ಟ್ಯಾಕ್ಸ್ ಆಫೀಸಿಗೆ ಫೋನ್ ಮಾಡಿ, ಸೌಮ್ಯಕ್ಕನ ಮನೆ ಅರ್ಧ ಸೌತ್ ಕೆರೊಲೈನಾದಲ್ಲಿ, ಇನ್ನರ್ಧ ನಾರ್ತ್ ಕೆರೊಲೈನಾದಲ್ಲಿ ಇದೆ ಎಂದು ಹೇಳಿದ್ದರು. ಟ್ಯಾಕ್ಸ್ ಆಫೀಸಿನವರು ಅದನ್ನು ಸ್ಕೂಲ್ ಡಿಸ್ಟ್ರಿಕ್ಟಿನವರ ಕಿವಿಗೆ ಹಾಕಿದರು. ಇಲ್ಲಿ ಡಿಸ್ಟ್ರಿಕ್ಟಿನ ಗೆರೆಯೊಳಗಿನ ಮನೆಗಳು ಕಟ್ಟುವ ಟ್ಯಾಕ್ಸಿನಿಂದಲೇ ಅಲ್ಲಿನ ಸ್ಕೂಲಿನ ದೊಡ್ಡ ಖರ್ಚು ನಡೆಯುವುದು. ಟೀಚರಿಗೆ ಸಂಬಳ, ಬಸ್ಸಿಗೆ ಡೀಸೆಲ್, ಲೈಬ್ರರಿಯ ಮೂಲೆಯಲ್ಲಿರುವ ಆಮೆಗೆ ಎಲೆಕೋಸು, ಎಲ್ಲ ಅದರಿಂದಲೇ. ಮನೆ ಗೆರೆಯ ಆಚೆಗೆ ಹೋದರೆ ಟ್ಯಾಕ್ಸೂ ಆಚೆಗೆ. ಟ್ಯಾಕ್ಸ್ ಆಚೆಗೆ ಹೋದರೆ ಮಗುವೂ ಆಚೆಗೆ.

ಆ ಮಗು ಹರಿಣಿ. ಕಳೆದ ವರ್ಷವೆಲ್ಲ ಸ್ಕೂಲಿನಲ್ಲಿ ಅವಳು ಬಾಯಿಯೇ ಬಿಟ್ಟಿರಲಿಲ್ಲ. ಈ ವರ್ಷ ಮಿಸೆಸ್ ಟಾಲಿವರ್ ಅನ್ನುವ ಟೀಚರು ದಿನಾ ಪಕ್ಕದಲ್ಲಿ ಕೂತು, ಕೈಗೊಂದು ಕಪ್ಪೆ ಗೊಂಬೆ ಹಾಕಿಕೊಂಡರು. ಹರಿಣಿ ಮೊದಲು ಕಪ್ಪೆಯ ಹತ್ತಿರ ಮಾತಾಡಿದಳು, ಆಮೇಲೆ ಟೀಚರ ಹತ್ತಿರ, ಈಗ ಬಸ್ಸಿನಲ್ಲಿ ಇಡೀ ದಾರಿ. ಅವಳನ್ನು ಇಲ್ಲಿಂದ ಕಿತ್ತು ಗೆರೆಯಾಚೆಯ ಸ್ಕೂಲಿನಲ್ಲಿ ನೆಟ್ಟರೆ ಮತ್ತೆ ಬಾಯಿ ಮುಚ್ಚಿಬಿಟ್ಟಾಳು ಅನ್ನುವುದೇ ಸೌಮ್ಯಕ್ಕನ ಹೆದರಿಕೆ.

ಹೆದರಿಕೆಗೆ ಅವಳು ಕೊಟ್ಟ ರೂಪ ಬೇರೆ. "ಫೋನ್ ಮಾಡಿದವರು ಯಾರಂತ ಗೊತ್ತಾಗೂತನಕ ಈ ಮನ್ಯಾಗ ಚಹಾ ಇಲ್ಲ," ಅಂತ ಘೋಷಿಸಿದ್ದಳು. ಗುಲ್ಬರ್ಗದವರ ಮನೆಯಲ್ಲಿ ಚಹಾ ನಿಲ್ಲುವುದೆಂದರೆ ಸೂರ್ಯನಿಗೆ ರಜೆ ಕೊಟ್ಟ ಹಾಗೆ.

ಆರಿದ್ದ ಎಲೆಕ್ಟ್ರಿಕ್ ಒಲೆಯ ಮೇಲೆ ಕೈಯಿಟ್ಟು ನಾನು ಮಾತು ಕೊಟ್ಟಿದ್ದೆ: ಡಿಸ್ಟ್ರಿಕ್ಟಿನ ಆಫೀಸರಮ್ಮ ಬಂದು ವಾಪಸ್ ಹೋಗೋದರೊಳಗೆ ಆ ಹೆಸರು ಹೇಳ್ತೀನಿ. ವೀಸಾದ ಪ್ರಕಾರ ನಾನು ಇಲ್ಲಿ ಕೆಲಸ ಮಾಡುವಂತಿಲ್ಲ. ಆದರೆ ಸಂಬಳ ಚಕ್ಕುಲಿಯಲ್ಲಿ ಬಂದರೆ ಅದು ಕೆಲಸವೇ ಅಲ್ಲ ಎಂದು ನನ್ನ ಗಂಡ ಚಿರಂತನ್ ಹೇಳುತ್ತಾನೆ. ಆಫೀಸರಮ್ಮ ಇವತ್ತು ಮಧ್ಯಾಹ್ನ ಬರುವವರಿದ್ದರು. ಮಗು ತಲೆಯಿಟ್ಟು ಮಲಗುವ ಜಾಗ ಯಾವುದೋ ಅದೇ ಅದರ ಮನೆ, ನಾನು ದಿಂಬು ನೋಡಬೇಕು ಅಂತ ಫೋನಿನಲ್ಲಿ ಹೇಳಿದ್ದರಂತೆ.

ನಾನು ಮಂಚದಡಿಯಿಂದ ತೆವಳಿಕೊಂಡು ಉತ್ತರದ ಗೋಡೆಯ ಕಡೆಗೆ ಬಂದೆ. ಅಲ್ಲಿ ಕಾರ್ಪೆಟ್ಟಿನಲ್ಲಿ ಎರಡು ಕುಳಿಗಳಿದ್ದವು. ಇಡ್ಲಿ ತಟ್ಟೆಯ ಗುಳಿಗಳ ಹಾಗೆ ದುಂಡಗೆ, ಆಳವಾಗಿ.

"ಅಕ್ಕ, ಈ ಮಂಚ ಮೊದಲು ಇಲ್ಲಿತ್ತು. ಈಗ ದಕ್ಷಿಣದ ಗೋಡೆಗೆ ಹೋಗಿದೆ."

"ಹೂಂ. ಅದು ಅತ್ತಿಯವರ ಕೆಲಸ. ಊರಿಂದ ಬಂದು ಚಪ್ಪಲಿ ಬಿಟ್ಟಿರಲಿಲ್ಲ ಇನ್ನಾ. ಕೂಸಿನ್ನ ಉತ್ತರಕ್ಕ ತಲಿ ಮಾಡಿ ಮಲಗಸ್ತೀರೇನ, ನಿಮಗ ಹೇಳವ್ರು ಕೇಳವ್ರು ಯಾರೂ ಇಲ್ಲೇನ ಅಂತ ಮನಿ ಎತ್ತಿ ಕುಂದರಿಸಿದ್ರು."

ನಾನು ಎದ್ದು ಕಿಟಕಿಯ ಹತ್ತಿರ ಹೋದೆ. ಚೌಕಟ್ಟಿನ ಕೆಳಗಡೆ, ಯಾರೂ ನೋಡದ ಜಾಗದಲ್ಲಿ, ಒಂದು ಹಿತ್ತಾಳೆ ಮೊಳೆ ಇತ್ತು. ಅದರ ಕುತ್ತಿಗೆಗೆ ಕೆಂಪು ದಾರ. ಎದುರು ಗೋಡೆಯ ಬುಡದಲ್ಲಿ ಅಂಥದೇ ಇನ್ನೊಂದು. ಎರಡರ ನಡುವೆ ಮನಸ್ಸಿನಲ್ಲೇ ದಾರ ಎಳೆದೆ. ದಾರ ಸರಿಯಾಗಿ ಹರಿಣಿಯ ಮಂಚದ ಮೇಲೆ ಹಾದುಹೋಯಿತು. ದಿಂಬು ಈಚೆ, ಸ್ಕೂಲಿರುವ ಸೌತ್ ಕೆರೊಲೈನಾದಲ್ಲಿ; ಕಾಲ್ಬೆರಳು ಆಚೆ, ನಾರ್ತ್ ಕೆರೊಲೈನಾದಲ್ಲಿ.

ಕಿಟಕಿಯಿಂದ ಹೊರಗೆ ನೋಡಿದೆ. ಮೊಳೆಯ ನೇರಕ್ಕೆ, ಹಿತ್ತಲಲ್ಲಿ ಉದುರಿದ ಮೇಪಲ್ ಎಲೆಗಳ ಮೇಲೆ, ಬೇಲಿಯ ತನಕ ಒಂದು ಬಿಳಿ ಗೆರೆ.

"ಅದು ಏನಕ್ಕ?"

"ಅತ್ತಿಯವರ ರಂಗೋಲಿ ಇರಬೇಕು. ಪುಡಿ ಡಬ್ಬಿ ಖಾಲಿ ಆಗೇದಂತ ನಿನ್ನಿಯಿಂದ ಗೊಣಗಾಡ್ಲಿಕತ್ತಾರ."

"ಚುಕ್ಕಿ ಇಲ್ಲ, ಹೂವಿಲ್ಲ, ಬಳ್ಳಿ ಇಲ್ಲ. ಇಷ್ಟು ನೆಟ್ಟಗೆ ಯಾರು ರಂಗೋಲಿ ಹಾಕ್ತಾರೆ?"

ಸೌಮ್ಯಕ್ಕನ ಕಣ್ಣು ಬೇಲಿಯಾಚೆಗೆ ಹೋಯಿತು. ಅಲ್ಲಿ ಮಿಸ್ಟರ್ ಮೇಬ್ರಿಯ ಮನೆ. ಅಂಗಳದಲ್ಲಿ ಒಂದು ಬೋರ್ಡು: ಸ್ಕೂಲ್ ಟ್ಯಾಕ್ಸ್ ಇನ್ನು ಸಾಕು. ಮೇಬ್ರಿಯ ಮಕ್ಕಳು ಎಂದೋ ದೊಡ್ಡವರಾಗಿ ಅಟ್ಲಾಂಟಕ್ಕೆ ಹೋಗಿದ್ದರು. ಬೇರೆಯವರ ಮಕ್ಕಳು ಎ ಬಿ ಸಿ ಕಲಿಯಲು ನಾನ್ಯಾಕೆ ದುಡ್ಡು ಕೊಡಬೇಕು ಎಂದು ಅವರು ಹುಲ್ಲು ಕತ್ತರಿಸುವ ಮೆಷಿನ್ನಿನ ಮೇಲೆ ಕೂತೇ ಭಾಷಣ ಮಾಡುತ್ತಿದ್ದರು. ಮನೆಯ ಬೆಲೆ ಏರಿದರೆ ಟ್ಯಾಕ್ಸ್ ಏರುತ್ತೆ, ಟ್ಯಾಕ್ಸ್ ಏರಿದರೆ ಸ್ಕೂಲು ಚೆನ್ನಾಗುತ್ತೆ, ಸ್ಕೂಲು ಚೆನ್ನಾದರೆ ಪಕ್ಕದ ನಗರ ಷಾರ್ಲಟ್‌ನವರೆಲ್ಲ ಮನೆ ಕೊಳ್ಳಲು ಬಂದು ಮನೆಯ ಬೆಲೆ ಏರುತ್ತೆ; ನಾನು ಮಾತ್ರ ಅದೇ ಹಳೇ ಮನೇಲಿ ಕೂತು ಬಡವನಾಗ್ತೀನಿ, ಎನ್ನುವುದು ಆ ಭಾಷಣದ ಸಾರ.

"ಆವನ," ಅಂದಳು ಸೌಮ್ಯಕ್ಕ. "ನಮ್ಮ ಕೂಸು ಹೊರಗ ಹೋದ್ರ ಆವಗ ಸಾಲ್ಯಾಗ ಒಂದು ಕುರ್ಚಿ ಖರ್ಚು ಉಳೀತದ."

ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು.

ಆಫೀಸರಮ್ಮ ಮಿಸೆಸ್ ಪ್ರುಯಿಟ್. ಎತ್ತರದ ಹೆಂಗಸು, ಕುಂಬಳಕಾಯಿ ಚಿತ್ರದ ಸ್ವೆಟರು, ಸಕ್ಕರೆ ಪಾಕದಂಥ ಮಾತು. ಇವರ ಇಂಗ್ಲಿಷಿನಲ್ಲಿ ಒಂದು ವಾಕ್ಯ ಮುಗಿಯುವುದರೊಳಗೆ ಒಂದು ಒಬ್ಬಟ್ಟು ತಿಂದು ಮುಗಿಸಬಹುದು.

"ನನಗೆ ಇದೇನೂ ಇಷ್ಟದ ಕೆಲಸ ಅಲ್ಲ, ಹನಿ," ಅಂದರು. "ಯಾವ ಮಗುವನ್ನೂ ಕಳಿಸೋಕೆ ಇಷ್ಟ ಇಲ್ಲ. ಆದರೆ ಪ್ರತಿ ಬಜೆಟ್ ಮೀಟಿಂಗಿನಲ್ಲೂ ಯಾರಾದರೂ ಎದ್ದು ನಿಂತು, ನಮ್ಮ ಟ್ಯಾಕ್ಸಿನಲ್ಲಿ ಹೊರಗಿನ ಮಕ್ಕಳಿಗೆ ಪಾಠ ಹೇಳ್ತೀರಾ ಅಂತ ಕೇಳ್ತಾರೆ. ನಾನು ಉತ್ತರ ಕೊಡಬೇಕಲ್ಲ."

"ಫೋನ್ ಮಾಡಿದ್ದು ಯಾರು ಅಂತ ಹೇಳಬಹುದಾ?" ನಾನು ಕೇಳಿದೆ.

"ಅವರು ಹೆಸರು ಹೇಳಿಲ್ಲ. ಹೇಳಿದ್ದರೂ ನಾನು ಹೇಳ್ತಿರಲಿಲ್ಲ. ಬಹಳ ಮರ್ಯಾದಸ್ಥರಂತೆ ಮಾತ್ರ. ಟ್ಯಾಕ್ಸ್ ಆಫೀಸಿನ ಹುಡುಗಿ ಇನ್ನೂ ನಗ್ತಾ ಇದ್ದಾಳೆ. 'ರೆಸ್ಪೆಕ್ಟೆಡ್ ಮೇಡಂ, ಕೈಂಡ್ಲಿ ಡೂ ದ ನೀಡ್‌ಫುಲ್' ಅಂದರಂತೆ. ಏನು ಹಾಗಂದರೆ?"

ಮಿಸ್ಟರ್ ಮೇಬ್ರಿ ಏಳು ಜನ್ಮವೆತ್ತಿದರೂ ಆ ಮಾತು ಅವರ ಬಾಯಿಂದ ಬರುವಂಥದ್ದಲ್ಲ. ಅದು ಬರುವುದು ಒಂದೇ ಜಾತಿಯ ಬಾಯಿಂದ: ನಮ್ಮೂರಿನ ಸರ್ಕಾರಿ ಆಫೀಸಿನಲ್ಲಿ ತಲೆ ಬೆಳ್ಳಗಾದವರ ಬಾಯಿಂದ.

ಹಾಲಿನ ಮೂಲೆಯಲ್ಲಿ ಸೌಮ್ಯಕ್ಕನ ಮಾವ ಶಿವಶರಣಪ್ಪನವರು ಕೂತಿದ್ದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಬಿಸಿನೀರಿನ ಲೋಟ. ನಿವೃತ್ತ ಮೋಜಣಿದಾರರು, ಗುಲ್ಬರ್ಗ ಸೀಮೆಯ ಹೊಲಗಳನ್ನೆಲ್ಲ ಸರಪಳಿ ಎಳೆದು ಅಳೆದವರು. ಆಗ ಹೊಳೆಯಿತು. ಚಹಾ ನಿಂತಾಗಿನಿಂದ ಈ ಮನೆಯಲ್ಲಿ ಎಲ್ಲರೂ ಗೊಣಗಿದ್ದರು. ಅತ್ತೆ ಗೊಣಗಿದ್ದರು, ಸೌಮ್ಯಕ್ಕನ ಗಂಡ ಬಸವಕುಮಾರ್ ಆಫೀಸಿನಲ್ಲೇ ಕುಡಿದು ಬರುತ್ತಿದ್ದರು, ನಾನೂ ಗೊಣಗಿದ್ದೆ. ಇವರೊಬ್ಬರು ತುಟಿ ಬಿಚ್ಚದೆ ಬಿಸಿನೀರು ಕುಡಿಯುತ್ತಿದ್ದರು, ಶಿಕ್ಷೆ ಅನುಭವಿಸುವವರ ಹಾಗೆ.

ಅವರು ನನ್ನನ್ನು ನೋಡಿದರು. ನಾನು ಅವರನ್ನು ನೋಡಿದೆ. ಅವರು ಲೋಟ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ಆದರೆ ಮಿಸೆಸ್ ಪ್ರುಯಿಟ್ ಆಗಲೇ ಹರಿಣಿಯ ಕೋಣೆಯಲ್ಲಿದ್ದರು. ಮೊಳೆ ನೋಡಿದರು, ಬಿಳಿ ಗೆರೆ ನೋಡಿದರು, ದಿಂಬು ನೋಡಿ ತಲೆಯಾಡಿಸಿದರು. "ದಿಂಬು ನಮ್ಮ ಕಡೆ ಇದೆ," ಅಂದರು. ಸೌಮ್ಯಕ್ಕ ಉಸಿರು ಬಿಟ್ಟಳು.

ಆಮೇಲೆ ಅವರ ಬೂಟು ಆ ಕುಳಿಯ ಮೇಲೆ ಬಿತ್ತು.

ಅವರು ಮೆಲ್ಲಗೆ ಮಂಡಿಯೂರಿದರು. ಕುಳಿಯೊಳಗೆ ಬೆರಳಿಟ್ಟರು. ಪಾಕ ಗಟ್ಟಿಯಾಯಿತು.

"ಈ ಮಂಚ ಆಚೆ ಕಡೆ ಇತ್ತು. ಈಚೆಗೆ ಸರಿಸಿದ್ದೀರಿ. ನಾನು ಫೋನ್ ಮಾಡಿದ ಮೇಲೆ, ಅಲ್ಲವಾ?"

"ಅಲ್ಲ," ಅಂದಳು ಸೌಮ್ಯಕ್ಕ. ಹರಿಣಿ ಅಮ್ಮನ ಸೆರಗಿನ ಹಿಂದೆ ನಿಂತಿದ್ದಳು. ಬೆಳಗಿನಿಂದ ಹರಟುತ್ತಿದ್ದ ಹುಡುಗಿ ಈಗ ತುಟಿ ಒತ್ತಿ ಹಿಡಿದಿದ್ದಳು. ಅದನ್ನು ಸೌಮ್ಯಕ್ಕ ನೋಡಿದಳು. ನಾನೂ ನೋಡಿದೆ.

ಆಗ ಒಳಗೆ ಬಂದರು ಅತ್ತೆ ರೇಣುಕಾದೇವಿ. ಇಳಕಲ್ ಸೀರೆ, ಕೈಯಲ್ಲಿ ಲಟ್ಟಣಿಗೆ.

"ಏನಂತಾಳ ಈಕಿ?"

ನಾನು ಹೇಳಿದೆ.

"ಯಾವಾಗ ಸರಿಸಿದ್ರಂತ ಕೇಳ್ತಾಳೇನು? ನಾ ಬಂದ ಮರುದಿನ ಸರಿಸೀನಿ ಅಂತ ಹೇಳು. ಉತ್ತರಕ್ಕ ತಲಿ ಇಟ್ಟು ಮಲಗಿದ್ರ ಕೂಸಿಗೆ ಮಾತು ಹ್ಯಾಂಗ ಬರಬೇಕು? ಈಕಿ ಹ್ಯಾಂಗ ಮಲಗತಾಳಂತ ಕೇಳು ಮೊದಲ."

"ಅಮ್ಮಾ, ಅದನ್ನ ಕೇಳೋಕಾಗಲ್ಲ."

"ಯಾಕ ಆಗೂದಿಲ್ಲ? ಆಕಿ ನಮ್ಮ ಕೂಸಿನ ದಿಂಬು ನೋಡ್ಲಿಕ್ಕೆ ಬಂದಾಳಲ್ಲ."

ನಾನು ಕೇಳಿದೆ. ಮಿಸೆಸ್ ಪ್ರುಯಿಟ್ ಯೋಚಿಸಿ, ಕಿಟಕಿಯ ಕಡೆ ಕೈ ಮಾಡಿ, ಬಹುಶಃ ಉತ್ತರಕ್ಕೆ ಅಂದರು. ರೇಣುಕಾದೇವಿಯವರು ಅವರನ್ನು ಬಹಳ ಮರುಕದಿಂದ ನೋಡಿದರು.

"ತಲಿ ನೋಯ್ತದ ಅಲ್ಲ ಮುಂಜಾನಿ?"

"ನೋಯುತ್ತೆ," ಮಿಸೆಸ್ ಪ್ರುಯಿಟ್ ಒಪ್ಪಿಕೊಂಡರು. ಆದರೆ ಕೂಡಲೇ ಸಾವರಿಸಿಕೊಂಡರು. "ನೋಡಿ, ಯಾವಾಗ ಸರಿಸಿದಿರಿ ಅನ್ನೋದಕ್ಕೆ ನನಗೆ ಮನೆಯವರಲ್ಲದ ಒಬ್ಬರ ಮಾತು ಬೇಕು."

ರೇಣುಕಾದೇವಿಯವರು ಲಟ್ಟಣಿಗೆಯಿಂದಲೇ ಗೊಂಬೆಮನೆಯ ಕಡೆ ತೋರಿಸಿದರು. ಹರಿಣಿಯ ಗೊಂಬೆಗಳೆಲ್ಲ ಬೆಂಕಿಪೆಟ್ಟಿಗೆಯಂಥ ಮಂಚಗಳಲ್ಲಿ ಮಲಗಿದ್ದವು. ಒಂದು ಬಿಡದೆ ಎಲ್ಲ ದಕ್ಷಿಣಕ್ಕೆ ತಲೆ. "ಇವು ಮನಿಯವ್ರಲ್ಲ," ಅಂದರು.

ಇದನ್ನು ಹೇಗೆ ಅನುವಾದ ಮಾಡಲಿ ಎಂದು ನಾನು ಒದ್ದಾಡುತ್ತಿರುವಾಗ ಹಿಂಬಾಗಿಲು ಕಿರ್ ಎಂದಿತು.

ಮಿಸ್ಟರ್ ಮೇಬ್ರಿ. ಕೈಯಲ್ಲಿ ನಮ್ಮ ಸ್ಟೀಲ್ ಡಬ್ಬಿ.

"ಡಬ್ಬಿ ವಾಪಸ್ ಕೊಡೋಕೆ ಬಂದೆ," ಅಂದರು. "ಆ ಕಡಲೆಕಾಯಿ ರೊಟ್ಟಿ ಮುಗೀತು. ನನ್ನ ಹೆಂಡತಿ ಡಾಟ್ ಇನ್ನೂ ಇದೆಯಾ ಅಂತ ಕೇಳಿದಳು." ಕೋಣೆಯಲ್ಲಿ ಆಫೀಸರಮ್ಮನನ್ನು ಕಂಡು ನಿಂತರು. "ಸ್ಕೂಲಿನವರು. ನನ್ನ ದುಡ್ಡು ಖರ್ಚಾಗೋದು ನೋಡೋಕೆ ಬಂದಿರಾ?"

ಸೌಮ್ಯಕ್ಕನ ಮುಖ ಕಪ್ಪಿಟ್ಟಿತು. ನಾನು ಮಾತ್ರ ಒಂದು ಹೆಜ್ಜೆ ಮುಂದೆ ಹೋದೆ. ರೇಣುಕಾದೇವಿಯವರಿಗೆ ಈ ಭಾರದ ಮಂಚ ಒಬ್ಬರೇ ಎತ್ತಲು ಆಗುತ್ತಿರಲಿಲ್ಲ. ಬಸವಕುಮಾರ್‌ಗೆ ಸೊಂಟ ನೋವು; ಇನ್ನೊಂದು ತುದಿ ಹಿಡಿದವರು ಬೇರೆ ಯಾರೋ ಇರಬೇಕು.

"ಮಿಸ್ಟರ್ ಮೇಬ್ರಿ, ಈ ಮಂಚ ಯಾವಾಗ ಸರಿಸಿದ್ದು ಅಂತ ನಿಮಗೆ ಗೊತ್ತಾ?"

"ಗೊತ್ತಿಲ್ಲದೆ ಏನು? ಸೆಪ್ಟೆಂಬರಿನ ಲೇಬರ್ ಡೇ ಹಿಂದಿನ ಶನಿವಾರ. ಒಂದು ತುದಿ ನಾನೇ ಹಿಡಿದೆ." ಮುದುಕನ ದನಿ ಏರಿತು. "ಅದು ಮುಗಿದ ಮೇಲೆ ಈ ಹೆಂಗಸು ನನ್ನ ಮನೆಗೆ ಬಂದು ನನ್ನ ಹಾಸಿಗೆಯನ್ನೂ ತಿರುಗಿಸಿದರು. ಡಾಟ್ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ."

"ಆಮೇಲೆ?" ಮಿಸೆಸ್ ಪ್ರುಯಿಟ್ ಕೇಳಿದರು.

ಮೇಬ್ರಿ ಡಬ್ಬಿಯ ಮುಚ್ಚಳ ನೋಡುತ್ತಾ ನಿಂತರು. "ಟ್ಯಾಕ್ಸ್ ಬಿಲ್ಲಿನ ಕನಸು ಬೀಳೋದು ನಿಂತಿತು," ಅಂದರು. "ಅದರರ್ಥ ಟ್ಯಾಕ್ಸನ್ನು ಒಪ್ಪಿದೆ ಅಂತಲ್ಲ."

"ಮಗು ಹೊರಗೆ ಹೋದರೆ ನಿಮಗೆ ಸ್ವಲ್ಪ ಉಳಿಯುತ್ತಲ್ಲ?" ನಾನು ಬಿಡಲಿಲ್ಲ.

"ಯಾರು, ಈ ಹುಡುಗಿಯಾ?" ಅವರು ಹರಿಣಿಯ ಕಡೆ ಹೊರಳಿದರು. "ಇವಳಪ್ಪ ಟ್ಯಾಕ್ಸ್ ಕಟ್ಟಿದ್ದಾನೆ. ಕಟ್ಟಿದ ಮೇಲೆ ಕಲಿಸಬೇಕು. ನನ್ನ ಜಗಳ ದುಡ್ಡಿನ ಜೊತೆ, ಮಕ್ಕಳ ಜೊತೆ ಅಲ್ಲ. ದಿನಾ ಬಸ್ಸಿನಿಂದ ಇಳಿದು ನನಗೆ ಕಪ್ಪೆ ಕಥೆ ಹೇಳ್ತಾಳೆ. ಎಲ್ಲಿಗೆ ಬಂದಿತ್ತು, ಹನಿ? ಕಪ್ಪೆ ಬಾವಿಗೆ ಬಿದ್ದಿತ್ತು."

ಹರಿಣಿ ಸೆರಗಿನ ಹಿಂದಿನಿಂದ ಒಂದು ಕಣ್ಣು ತೋರಿಸಿದಳು.

"ನೋ," ಅಂದಳು ಮೆಲ್ಲಗೆ. "ಹಿ ಜಂಪ್ಡ್."

ಸೌಮ್ಯಕ್ಕ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಂಡಳು. ಮಿಸೆಸ್ ಪ್ರುಯಿಟ್ ಎದ್ದು ಮಂಡಿ ಕೊಡವಿಕೊಂಡರು. ಪಾಕ ಮತ್ತೆ ತೆಳುವಾಗಿತ್ತು. ನಾನು ಫೋನ್ ಮಾಡುವುದಕ್ಕೆ ಎಷ್ಟೋ ಮೊದಲೇ ಮಂಚ ಸರಿಸಿದ್ದಾರೆ; ಗೆರೆ ಈ ಮೊಳೆಗಳ ನೇರಕ್ಕೇ ಇರುವವರೆಗೆ ದಿಂಬು ನಮ್ಮ ಕಡೆಯದು, ಮಗುವೂ ನಮ್ಮ ಕಡೆಯದು ಅಂದರು. ಆಮೇಲೆ ದನಿ ಇಳಿಸಿ, ದಕ್ಷಿಣಕ್ಕೆ ತಲೆ ಇಟ್ಟರೆ ಸಾಕಾ, ಇಲ್ಲಾ ಪೂರ್ವಕ್ಕೂ ಆಗುತ್ತಾ ಅಂತ ರೇಣುಕಾದೇವಿಯವರನ್ನು ಕೇಳಲು ನನಗೆ ಹೇಳಿದರು.

"ಪೂರ್ವಕ್ಕೂ ನಡೀತದ ಅನ್ನು. ಮತ್ತ ಶೇಂಗಾ ಹೋಳಿಗಿ ತಿಂದು ಹೋಗು ಅನ್ನು."

ಹೋಳಿಗೆ ತಿನ್ನಲು ಎಲ್ಲರೂ ಅಡುಗೆಮನೆಗೆ ಹೋದರು. ನಾನು ಹಾಲಿಗೆ ಬಂದೆ. ಆಫೀಸರಮ್ಮನ ಕಾರು ಇನ್ನೂ ಅಂಗಳದಲ್ಲಿತ್ತು. ಮಾತು ಕೊಟ್ಟ ಗಡುವು ಒಂದು ಹೋಳಿಗೆಯಷ್ಟು ಉಳಿದಿತ್ತು.

ಶಿವಶರಣಪ್ಪನವರ ಎದುರು ಕೂತೆ. ಕಿಟಕಿಯಿಂದ ಕಿತ್ತು ತಂದ ಹಿತ್ತಾಳೆ ಮೊಳೆಯನ್ನು ಅವರ ಲೋಟದ ಪಕ್ಕ ಇಟ್ಟೆ. ಅವರು ಅದನ್ನು ಬಹಳ ಪ್ರೀತಿಯಿಂದ ನೋಡಿದರು.

"ಪರದೇಶಕ್ಕ ಬರ್ತಾ ಯಾರರೆ ಮೊಳಿ ತರ್ತಾರೇನಂತ ನಕ್ಕಿದ್ಳು ನಮ್ಮಾಕಿ," ಅಂದರು. "ಕೈ ರೂಢಿ."

"ನೀವು ಹೇಳ್ತೀರೋ, ನಾನು ಹೇಳಲೋ ಅಂಕಲ್?"

ಅವರು ಬಿಸಿನೀರಿನ ಲೋಟ ಪಕ್ಕಕ್ಕೆ ಸರಿಸಿದರು. "ಮುಂಜಾನಿ ಅಡ್ಡಾಡ್ಲಿಕ್ಕೆ ಹೋದಾಗ ಅಡವ್ಯಾಗ ಬಾಂದಿನ ಕಲ್ಲು ಸಿಕ್ತು. ಮ್ಯಾಲ ಎರಡೂ ರಾಜ್ಯದ ಅಕ್ಷರ ಕೆತ್ಯಾರ. ಅದರಿಂದ ನೇರ ಹಿಡಕೊಂಡು ಬಂದೆ, ಗೆರಿ ನಮ್ಮ ಮನ್ಯಾಗ ಹೊಕ್ಕಿತು. ಜಮೀನು ಒಂದು ಕಡೆ, ಕಂದಾಯ ಇನ್ನೊಂದು ಕಡೆ. ಜಲ್ಮಾ ಪೂರ್ತಿ ನಾ ಮಾಡಿದ ಕೆಲಸ ಅದ. ಸುಮ್ನ ಹ್ಯಾಂಗ ಇರಲಿ ಹೇಳು. ಕಂದಾಯದ ಬಿಲ್ಲಿನ ಹಿಂದ ಆಫೀಸಿನ ನಂಬರ್ ಇತ್ತು."

"ಸ್ಕೂಲಿನ ವಿಷಯ?"

"ನಮ್ಮ ಕಡಿ ಮನಿ ಕಂದಾಯ ಅಂದ್ರ ಗಟಾರ, ಬೀದಿ ದೀಪ. ಸಾಲಿ ನಡಸೂದು ಬೆಂಗಳೂರಿನ ಸರ್ಕಾರ. ಇಲ್ಲಿ ಮನಿ ಕಂದಾಯಕ್ಕ ಕೂಸಿನ ಸಾಲಿ ಗಂಟು ಹಾಕ್ಯಾರಂತ ನನಗ ಹ್ಯಾಂಗ ತಿಳೀಬೇಕು?" ದನಿ ಕುಗ್ಗಿತು. "ತಿಳಿದ ಮ್ಯಾಲ ಬಾಯಿ ಬಿಡ್ಲಿಕ್ಕೆ ಧೈರ್ಯ ಆಗಲಿಲ್ಲ. ಸೊಸಿ ಕಣ್ಣು ನೋಡಿಯಲ್ಲ."

ಸೊಸೆ ಬಾಗಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಶಿವಶರಣಪ್ಪನವರು ಎದ್ದು ನಿಂತರು, ಮೇಲಧಿಕಾರಿ ಬಂದರೆ ನಿಲ್ಲುವ ಹಾಗೆ. "ಸೌಮ್ಯಾ, ಫೋನ್ ಮಾಡಿದಾವ ನಾನ."

ಸೌಮ್ಯಕ್ಕ ಅವರನ್ನು ನೋಡಿದಳು. ಲೋಟ ನೋಡಿದಳು. ಮೊಳೆ ನೋಡಿದಳು. ಅಡುಗೆಮನೆಯಲ್ಲಿ ಹರಿಣಿ ಮೇಬ್ರಿಗೆ ಕಪ್ಪೆ ಬಾವಿಯಿಂದ ಹೇಗೆ ಬಂತು ಅಂತ ಹೇಳುವುದು ಕೇಳುತ್ತಿತ್ತು. ನಿಲ್ಲಿಸದೆ ಹೇಳುತ್ತಿದ್ದಳು.

"ಇಷ್ಟು ದಿನ ಬಿಸಿನೀರು ಕುಡದೀರಲ್ಲ," ಅಂದಳು ಕೊನೆಗೆ. "ಸಕ್ಕರಿ ಎಷ್ಟು ಹಾಕಲಿ?"

ಅವಳು ಹೋಗಿ ಒಲೆಯ ಗುಂಡಿ ತಿರುವಿದಳು. ಕಾಯಿಲ್ ಕೆಂಪಾಯಿತು. ನನ್ನ ಮಾತು ನಡೆದಿತ್ತು. ಪಾತ್ರೆಯಲ್ಲಿ ಹಾಲು ಬೀಳುವ ಸದ್ದಿಗೆ ರೇಣುಕಾದೇವಿಯವರು ಕಣ್ಣು ಮುಚ್ಚಿಕೊಂಡರು.

"ಒಂದು ಹೇಳ್ತೀನಿ," ಶಿವಶರಣಪ್ಪನವರು ನನ್ನ ಕಡೆ ಬಗ್ಗಿದರು. ಚಹಾದ ವಾಸನೆಗೆ ಅವರಿಗೆ ಅರ್ಧ ಜೀವ ಬಂದಿತ್ತು. "ನಾ ಫೋನ್ ಮಾಡಿದ್ದು ಮನಿ ಸಲುವಾಗಿ ಅಲ್ಲ. ಮನಿ ಮಾತು ಆಮ್ಯಾಲಿಂದು. ಮೊದಲ ಹೇಳಿದ್ದು ಕಲ್ಲಿನ ಮಾತು. ಟ್ಯಾಕ್ಸ್ ಆಫೀಸಿನ ಆ ಹುಡುಗಿ ಕೇಳಲಿಲ್ಲ, ನಕ್ಕೋತ ಕುಂತಳು."

"ಕಲ್ಲಿಗೆ ಏನಾಗಿದೆ?"

ಅವರು ಕಿಟಕಿಯಾಚೆ ನೋಡಿದರು. ಬಿಳಿ ಗೆರೆ, ಬೇಲಿ, ಅದರಾಚೆ ಮರಗಳು.

"ಕಲ್ಲು ಹಳೇದು," ಅಂದರು. "ಅದರ ಬುಡದಾಗಿನ ಮಣ್ಣು ಹೊಸಾದು. ಯಾರೋ ಕಿತ್ತು ಬ್ಯಾರೆ ಕಡಿ ನೆಟ್ಟಾರ."

ಹೊರಗೆ ಮಿಸೆಸ್ ಪ್ರುಯಿಟ್‌ರ ಕಾರು ಸ್ಟಾರ್ಟ್ ಆಯಿತು. ಕಲ್ಲೇ ಸರಿದಿದ್ದರೆ ಗೆರೆಯೂ ಸುಳ್ಳು, ದಿಂಬು ಯಾವ ಕಡೆಯದೋ ಏನೋ; ಅವರು ಮಾತ್ರ ಗೆರೆಯನ್ನು ನಂಬಿಕೊಂಡೇ ಹೊರಟರು.

ಅಜ್ಜಿಯ ಕಥೆ ಇಲ್ಲಿಗೇ ಮುಗಿಯುತ್ತಿತ್ತೇನೋ: ಊದಿದವನು ಸಿಕ್ಕ, ಒಲೆ ಹತ್ತಿತು. ಕಲ್ಲನ್ನು ಯಾರು ಕಿತ್ತರು ಅಂತ ಅವಳು ಹೇಳಿರಲೇ ಇಲ್ಲ.